ಉಪ್ಪು, ಸೋಡಾ ಬಿಟ್ಟ ದೋಸೆ

ನನಗೆ ದೋಸೆ ಹುಯ್ಯಲು ಬರುವುದಿಲ್ಲ ಎಂದು ಗೊತ್ತಾಗಿದ್ದು ನನ್ನ ಹೆಂಡತಿ ಬದುಕಿದ್ದ ಕೊನೆಯ ಚಳಿಗಾಲದಲ್ಲಿ. ಆಗ ನಾನು ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ದೋಸೆ ಮಾಸ್ಟರ್. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು, ತುಮಕೂರಿನಲ್ಲಿ ಲೋಟ ತೊಳೆದು, ಕಾವಲಿಯ ಮುಂದೆ ನಿಲ್ಲುವ ಹೊತ್ತಿಗೆ ಮೀಸೆ ಬಂದಿತ್ತು. ನನ್ನ ಸೆಟ್ ದೋಸೆಗಾಗಿ ಜನ ಬಸ್ಸು ತಪ್ಪಿಸಿಕೊಂಡು ಕೂರುತ್ತಿದ್ದರು. ಜಂಬಕ್ಕೆ ಹೇಳುತ್ತಿಲ್ಲ, ಇದ್ದದ್ದೇ ಹಾಗೆ.

ಅವಳ ಕಿಡ್ನಿ ಎರಡೂ ಕೈಕೊಟ್ಟಿದ್ದವು. ಕಾಲು ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ. ತುಮಕೂರಿನ ಡಾಕ್ಟರು ಉಪ್ಪು ಬಿಡಿಸಿದರು. ಅಡುಗೆ ಸೋಡಾನೂ ಬೇಡ, ಅದೂ ಉಪ್ಪಿನ ಜಾತಿಯೇ ಎಂದರು. ಸಪ್ಪೆ ಸಾರಿನಲ್ಲಿ ಮುದ್ದೆ ಅವಳ ಗಂಟಲಿಗೆ ಇಳಿಯಲಿಲ್ಲ. ಊಟ ಬಿಡುತ್ತಾ ಬಂದಳು. ಏನು ತಿಂತೀಯ ಎಂದರೆ ಒಂದೇ ಮಾತು: “ಮೆತ್ತಗಿರೋ ದೋಸೆ ಹಾಕ್ಕೊಡಿ. ಅದಾದ್ರೆ ತಿಂತೀನಿ.”

ಅದೇನು ಮಹಾ ಎಂದುಕೊಂಡೆ. ಹೋಟೆಲಿನಲ್ಲಿ ಹಿಟ್ಟು ಉಬ್ಬದಿದ್ದರೆ ಚೂರು ಸೋಡಾ ಹಾಕಿ ಕಲಕುತ್ತಿದ್ದೆವು, ಕಾವಲಿಯ ಮೇಲೆ ತೂತು ತಾನೇ ಬೀಳುತ್ತಿತ್ತು. ಮನೆಯಲ್ಲಿ ಅದಿಲ್ಲದೆ ಹುಯ್ದದ್ದು ಚರ್ಮದ ತುಂಡಿನಂತೆ ಬಂತು. ಮಾರನೆಯ ದಿನ ಹಿಟ್ಟನ್ನು ಇನ್ನೂ ಹೆಚ್ಚು ಹೊತ್ತು ಇಟ್ಟೆ. ಚಳಿಗೆ ಅದು ಮಲಗಿದ್ದಲ್ಲೇ ಮಲಗಿತ್ತು. ಅವಳು ಒಂದು ತುಂಡು ಅಗಿದು ತಟ್ಟೆ ಸರಿಸಿದಳು.

“ಇದಕ್ಕೆ ಹೋಟ್ಲಲ್ಲಿ ದುಡ್ ಕೊಡ್ತಾರಾ?” ಎಂದಳು. ನಗಲಿಲ್ಲ.

ಕೇಳಬಹುದಾದವರು ಒಬ್ಬರೇ, ಕೊತ್ತಗೆರೆಯಲ್ಲಿದ್ದ ಅವಳ ತಾಯಿ. ಮದುವೆ ಮಾತುಕತೆಯಲ್ಲಿ “ಲೋಟ ತೊಳೆಯೋನಿಗೆ ಮಗಳನ್ನ ಕೊಡೋದಾ” ಎಂದಿದ್ದರು ಅತ್ತೆ. ಆಮೇಲೆ ನಾನು ಅವರ ಹೊಸ್ತಿಲು ತುಳಿದಿರಲಿಲ್ಲ. ಎಸ್‌ಟಿಡಿ ಬೂತಿಗೆ ಹೋಗಿ, ಅವರ ಪಕ್ಕದ ಅಂಗಡಿಗೆ ಫೋನ್ ಮಾಡಿ ಕರೆಸಿದೆ.

“ಅತ್ತೆ, ಸೋಡಾ ಇಲ್ದೆ ಹಿಟ್ಟು ಉಬ್ತಿಲ್ಲ.”



“ಊರಿಗೆಲ್ಲ ಹುಯ್ದು ಹಾಕೋ ಅಳಿಯಂದ್ರಿಗೆ ಸೋಡಾನೇ ಗುರುವಾ? ತಡೀರಿ, ಬತ್ತೀನಿ.”

ಮಾರನೆಯ ದಿನ ಕುಣಿಗಲ್ಲಿನಲ್ಲಿ ಒಂದು ಬಸ್ಸು, ತುಮಕೂರಿನಲ್ಲಿ ಇನ್ನೊಂದು ಹತ್ತಿ ಬಂದರು. ಚೀಲದಲ್ಲಿ ಉಪ್ಪು ಹಾಕದ ಹುಳಿಹಿಟ್ಟಿನ ಡಬ್ಬಿ. ದಾರಿಯಲ್ಲೇ ಉಬ್ಬಿ, ಮುಚ್ಚಳ ತಳ್ಳಿ, ಸೀರೆಯೆಲ್ಲ ಹಿಟ್ಟಾಗಿತ್ತು. “ವಾಸ್ನೆಗೆ ಪಕ್ಕದಲ್ ಕೂತೋಳು ಎದ್ದೇ ಹೋದ್ಲು” ಎಂದರು.

ಅಕ್ಕಿ, ಉದ್ದು, ಮೆಂತ್ಯ, ನೆನೆಸಿದ ಅವಲಕ್ಕಿ ರುಬ್ಬಿದೆವು. ನಾನು ಸೌಟು ಹಿಡಿದೆ, ಕಿತ್ತುಕೊಂಡರು. “ಕೈ ಹಾಕಿ ಕಲಸಿ. ಹಿಟ್ಟಿಗೆ ಮೈಬಿಸಿ ಬೇಕು.” ಡಬ್ಬಿಯಲ್ಲಿ ಉಳಿದಿದ್ದ ಹಳೆಯ ಹಿಟ್ಟನ್ನು ಬೆರೆಸಿ, ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಇಟ್ಟರು.

ಬೆಳಗ್ಗೆ ಹಿಟ್ಟು ಪಾತ್ರೆಯ ಬಾಯಿವರೆಗೆ ಬಂದಿತ್ತು. ಹುಯ್ದು, ಮುಚ್ಚಿ, ತೆಗೆದರೆ ಮೈತುಂಬ ತೂತು. ಬೆರಳಿಟ್ಟರೆ ಒಳಗೆ ಹೋಗಿ ಮೇಲೆ ಬರುತ್ತಿತ್ತು. ಹೆಂಡತಿ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದಳು.

“ಅವ್ವ, ಒಂದ್ ಹರಳು ಉಪ್ಪು ಕೊಡು.”

ಅತ್ತೆಯ ಕೈ ಉಪ್ಪಿನ ಡಬ್ಬಿಗೆ ಹೋಯಿತು. ನಾನು ಆ ಕೈ ಹಿಡಿದುಕೊಂಡೆ.

“ನನ್ ಮಗಳು ಕಣಪ್ಪ. ಇನ್ನೆಷ್ಟ್ ದಿನ ಅಂತ.”

“ಬೇಡ ಅತ್ತೆ.”

ಕೈ ಬಿಡಿಸಿಕೊಂಡು ಹಿತ್ತಲಿಗೆ ಹೋದರು. ಹೆಂಡತಿ ನನ್ನ ಮುಖವನ್ನೇ ನೋಡುತ್ತಾ, ಚೂರು ಚೂರೇ ಮುರಿದು, ಎರಡು ದೋಸೆ ತಿಂದು ಮುಗಿಸಿದಳು.

“ಮೆತ್ತಗೈತೆ” ಎಂದಳು. “ನಾಳೆಗೆ ನೆನೆಹಾಕ್ಬೇಡಿ. ಈ ಸಪ್ಪೆ ಇನ್ ಆಗಲ್ಲ ನನ್ಗೆ.”

ಅವಳ ತಟ್ಟೆ ತೊಳೆದಿಟ್ಟೆ. ಹೋಟೆಲಿಗೆ ಹೊರಡುವ ಮುಂಚೆ ನಾಳೆಗೆ ಅಕ್ಕಿ ನೆನೆಹಾಕಿದೆ.