ಕೊನೇ ಹಾಳೆ ಇಲ್ಲದ ಕಾದಂಬರಿ

ಹೋದ ವಾರ ಮೊಮ್ಮಗಳು ಒಂದು ಪುಸ್ತಕ ತಂದು ನನ್ನ ಮೂಗಿನ ಹತ್ತಿರ ಹಿಡಿದಳು. ಹೊಸ ಕಾಗದದ ವಾಸನೆ. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯಲ್ಲಿ ಕೆಲಸ ಮಾಡಿಯೇ ಮಕ್ಕಳನ್ನು ಸಾಕಿದ ನನಗೆ ಅದು ಅನ್ನದ ವಾಸನೆ. ನನ್ನ ಕಣ್ಣು ಈಗ ಮಂಜು, ಹೆಸರು ಅವಳೇ ಓದಿ ಹೇಳಿದಳು. ಹಿಂದೆ ಲೈಬ್ರರಿಯಿಂದ ತಂದು ಓದಿದ್ದ ಅದೇ ಹಳೇ ಕಾದಂಬರಿ, ಹೊಸದಾಗಿ ಅಚ್ಚಾಗಿದೆ... ಲೈಬ್ರರಿ ಮೇಡಂ ಕಣ್ಣ ಮುಂದೆ ಬಂದು ನಿಂತರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ರಿಟೈರಾಗಿ ವಿನೋಬನಗರಕ್ಕೆ ಬಂದ ಮೇಲೆ ಪೇಪರ್ ನೋಡೋಕೆ ಅಂತ ಲೈಬ್ರರಿಗೆ ಹೋಗುತ್ತಿದ್ದವನಿಗೆ ಕಾದಂಬರಿಯ ರುಚಿ ಹಿಡಿಸಿದವರು ಅವರು. ಆಗಷ್ಟೇ ಅಲ್ಲಿಗೆ ಕಂಪ್ಯೂಟರ್ ಬಂದಿತ್ತು. ಅದರಲ್ಲಿ ಬ್ಲಾಗು ಅಂತ ಶುರು ಮಾಡಿದ್ದರು. ಶನಿವಾರಕ್ಕೊಂದು ಹಳೇ ಕಾದಂಬರಿಯ ಬಗ್ಗೆ ಬರೆದು, ಇದನ್ನು ಓದಿ ಅಂತ ಜನಕ್ಕೆ ಹೇಳೋದು.

"ಎಷ್ಟು ಜನ ನೋಡ್ತಾರೆ ಮೇಡಂ?" ಅಂದರೆ, "ಹನ್ನೊಂದು ಜನ ಅಜ್ಜ. ಅದ್ರಲ್ಲಿ ಮೂರು ಸಲ ನಾನೇ" ಅನ್ನುತ್ತಿದ್ದರು.

ಪುಸ್ತಕ ಓದಿದವರನ್ನು ಎದುರಿಗೆ ಕೂರಿಸಿಕೊಂಡು, "ಹೇಳಿ, ಬರ್ಕೋತೀನಿ" ಅನ್ನೋದು ಅವರ ರೂಢಿ. ಒಂದು ಶನಿವಾರ ನನ್ನ ಸರದಿ ಬಂತು. ಗಂಡನ ಮನೆಯಿಂದ ಹೊರಬಿದ್ದ ಸೊಸೆಯ ಕಥೆ. ಬೆರಳಿಟ್ಟು ಎರಡು ತಿಂಗಳು ಓದಿದ್ದೆ. ಅವಳು ಹೊಳೆ ದಂಡೆಗೆ ಬಂದು ನಿಲ್ಲುತ್ತಾಳೆ... ಅಷ್ಟೇ. ಮುಂದಿನ ಹಾಳೆಗಳು ಯಾವತ್ತೋ ಕಿತ್ತು ಹೋಗಿದ್ದವು. ಎರಡು ತಿಂಗಳು ಇಟ್ಟುಕೊಂಡು ಕೊನೆ ಗೊತ್ತಿಲ್ಲ ಅನ್ನೋದು ಹೇಗೆ? ದೋಣಿ ಬಂತು ಅಂದೆ. ಅತ್ತೆಯೇ ಇಳಿದು ಬಂದು, ಕೈ ಹಿಡಿದು ಕರೆದುಕೊಂಡು ಹೋಗಿ ಬಿಸಿ ಅನ್ನ ಬಡಿಸಿದಳು ಅಂದೆ. ಮೇಡಂ ಕಣ್ಣೊರೆಸಿಕೊಂಡು ಟೈಪ್ ಮಾಡಿದರು.

ಮರುವಾರ ಭದ್ರಾವತಿಯಿಂದ ಬಸ್ಸು ಹತ್ತಿ ಒಬ್ಬ ಹೆಂಗಸು ಬಂದರು. ನನ್ನ ವಯಸ್ಸಿನವರೇ. ಕೈಯಲ್ಲಿ ಬ್ಲಾಗಿನ ಪ್ರಿಂಟು. "ಅಲ್ಲ ಮಾರಾಯ್ತಿ, ಇದನ್ನ ನಾನು ಮದುವೆಗೆ ಮುಂಚೆ ಓದಿದ್ದು. ಈ ದೋಣಿ ಎಲ್ಲಿಂದ ತಂದ್ರಿ? ಪುಸ್ತಕ ಓದ್ದೆ ಬರೀತೀರಾ?"

ಮೇಡಂ ಮುಖ ಸಪ್ಪಗಾಯಿತು. ಇನ್ನು ಅವರ ಮಾತನ್ನು ನಂಬಿ ಯಾರು ಪುಸ್ತಕ ತಗೊಂಡು ಹೋಗುತ್ತಾರೆ? ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದ ನಾನು ಎದ್ದು ನಿಂತೆ.

"ತಪ್ಪು ನಂದು ತಾಯಿ. ಕೊನೇ ಹಾಳೆ ಇರ್ಲಿಲ್ಲ. ಅವಳನ್ನ ಹೊಳೆ ದಂಡೇಲಿ ಬಿಟ್ಟು ಬರೋಕೆ ಮನಸಾಗಲಿಲ್ಲ."

ಆಕೆ ನನ್ನನ್ನೇ ನೋಡಿದರು. "ಆ ಕೊನೆ ಓದಿ ನಾನು ಮೂರು ದಿನ ಸರಿಯಾಗಿ ಊಟ ಮಾಡಿರ್ಲಿಲ್ಲ. ನಿಮ್ಮ ದೋಣಿ ಆಗಲೇ ಬರಬಾರದಿತ್ತಾ?" ಅಂದು ನಕ್ಕರು. ನಿಜವಾದ ಕೊನೆ ಹೇಳೋಕೆ ಹೊರಟರು. ಬೇಡ ಅಂತ ನಾನೇ ಕೈ ಮುಗಿದೆ.

ಮೇಡಂ ಅವತ್ತೇ ಬ್ಲಾಗಿನಲ್ಲಿ ಸೇರಿಸಿದರು: "ಈ ಕೊನೆ ನಮ್ಮ ಓದುಗರೊಬ್ಬರದು. ಪುಸ್ತಕದ ಕೊನೇ ಹಾಳೆ ನಿಮ್ಮಲ್ಲಿದ್ದರೆ ತಂದುಕೊಡಿ." ಹಾಳೆ ಯಾರೂ ತರಲಿಲ್ಲ. ತಮ್ಮ ತಮ್ಮ ಕೊನೆ ಹೇಳೋಕೆ ಬಂದರು, ರಾಗಿಗುಡ್ಡದಿಂದ, ಆಯನೂರಿಂದ... ಒಬ್ಬಾಕೆ ಅತ್ತೆಯನ್ನೇ ಹೊಳೆಗೆ ತಳ್ಳಿಸಿದ್ದಳು. ಮೇಡಂ ನಗುತ್ತಾ ಅದನ್ನೂ ಬರೆದುಕೊಂಡರು.

ಈ ಕಥೆಯನ್ನೆಲ್ಲ ನನ್ನಿಂದ ಕೇಳಿಕೊಳ್ಳುತ್ತಾ, ಮೊಮ್ಮಗಳು ದಿನಾ ಸಂಜೆ ನನಗೆ ಆ ಕಾದಂಬರಿ ಓದಿದಳು. ಏಳನೇ ಕ್ಲಾಸಿನ ಕೂಸು, ಒಂದು ಕಡೆಯೂ ತಡವರಿಸಲಿಲ್ಲ. ನನಗೆ ಹಿಗ್ಗು ತಡೆಯದೆ ಪಕ್ಕದ ಮನೆಯವರನ್ನೂ ಕರೆದು ಕೂರಿಸಿದ್ದೆ. ನಿನ್ನೆ ಕೊನೇ ಹಾಳೆ.

"ದೋಣಿ ಬರ್ಲೇ ಇಲ್ಲ ಅಜ್ಜ" ಅಂದಳು.

ಮೇಡಮ್ಮಿಗೆ ಹೇಳೋಣ ಅಂದರೆ ಅವರು ತೀರಿಹೋಗಿ ಎರಡು ಮಳೆಗಾಲ ಆಯಿತು. ಆ ಬ್ಲಾಗೂ ಈಗ ತೆರೆಯೋದಿಲ್ಲವಂತೆ. ಮೊಮ್ಮಗಳು ಎದ್ದು ಹೋಗಿ ಪೆನ್ಸಿಲ್ ತಂದಳು. ಪುಸ್ತಕದ ಹಿಂದಿನ ಖಾಲಿ ಹಾಳೆ ತೆಗೆದು ತೊಡೆ ಮೇಲಿಟ್ಟುಕೊಂಡಳು.

"ನಿನ್ನ ದೋಣಿ ಹೇಳಜ್ಜ, ಬರ್ಕೋತೀನಿ."