ಅಕ್ಕನ ಜಗಲಿಯ ಚೌಕಾಬಾರ

ಹೋದ ವರ್ಷದವರೆಗೂ ಭಾನುವಾರದ ಸಂಜೆ ನನ್ನದಾಗಿತ್ತು. ಶ್ರೀರಂಗಪಟ್ಟಣದ ನಮ್ಮ ಮನೆಯ ಹತ್ತಿರದ ಪಾರ್ಕಿಗೆ ಮಗಳನ್ನು ಕರೆದೊಯ್ದು ಜಾರುಬಂಡೆಯ ಕೆಳಗೆ ಕಾಯುತ್ತ ನಿಲ್ಲುತ್ತಿದ್ದೆ. ಅವಳಿಗೆ ಹನ್ನೊಂದು ವರ್ಷ ತುಂಬಿದ ಮೇಲೆ ಒಂದು ದಿನ ಮೇಲೆ ಹತ್ತಿದಳು, ಸ್ವಲ್ಪ ಹೊತ್ತು ಕೂತು ಸುತ್ತ ನೋಡಿದಳು, ಆಮೇಲೆ ಜಾರದೆ ಮೆಟ್ಟಿಲಿಂದಲೇ ಇಳಿದು ಬಂದಳು. "ಅಪ್ಪ, ಅತ್ತೆ ಮನೆಗೆ ಹೋಗೋಣ," ಅಂದಳು. ಅಥವಾ ಆ ದಿನ ಅವಳು ಹತ್ತಲೇ ಇಲ್ಲವೋ ಏನೋ. ಮೆಟ್ಟಿಲಿಳಿದ ಚಿತ್ರ ತೀರಾ ಅಚ್ಚುಕಟ್ಟಾಗಿದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ಅತ್ತೆ ಎಂದರೆ ನನ್ನ ಅಕ್ಕ. ಮನೆ ಅರಕೆರೆಯಲ್ಲಿ. ಅವಳ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆ ಯಾವಾಗಲೂ ಇರುತ್ತದೆ. ಒಂದು ಬದಿ ಬೆಳ್ಳಗಾಗುವಂತೆ ಉಜ್ಜಿದ ನಾಲ್ಕು ಹುಣಸೆ ಬೀಜ, ಕಾಯಿಗೆ ಬಳೆ ಚೂರು, ಅಷ್ಟೇ ಸಾಮಾನು. ಪ್ರತಿ ಭಾನುವಾರ ನಾನು ಕುರ್ಚಿಯಲ್ಲಿ ಪೇಪರು ಹಿಡಿದು ಕೂರುತ್ತಿದ್ದೆ. ಅವರಿಬ್ಬರೂ ಕೆಳಗೆ ಕೂತು ಕಿರುಚಾಡುತ್ತಿದ್ದರು. ಮನೆಯಲ್ಲಿ ನಾನು ಏನು ಕೇಳಿದರೂ "ಹ್ಞೂಂ" ಎನ್ನುವ ಹುಡುಗಿ ಇಲ್ಲಿ "ಒಡೀತೀನಿ ನೋಡತ್ತೆ, ಓಡೋಗು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಅಕ್ಕನ ಬೆನ್ನಿಗೆ ಗುದ್ದುತ್ತಿದ್ದಳು. ನನ್ನನ್ನು ಹಾಗೆ ಅವಳು ಗುದ್ದಿ ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕುತ್ತ ನಾನು ಒಂದೇ ಸುದ್ದಿಯನ್ನು ಮೂರು ಸಲ ಓದುತ್ತಿದ್ದೆ.

ಒಂದು ವಾರ ತಡೆಯಲಾರದೆ ಹೇಳಿಬಿಟ್ಟೆ: "ಈ ಆಟ ಅವಳಿಗೆ ಮೊದಲು ಹೇಳಿಕೊಟ್ಟಿದ್ದು ನಾನು. ಚಿಕ್ಕವನಿದ್ದಾಗ ನನ್ನ ಯಾರೂ ಸೋಲಿಸ್ತಿರಲಿಲ್ಲ."

ಅಕ್ಕ ಬೀಜ ಕೆಳಗಿಟ್ಟು ನಕ್ಕಳು. "ಯಾರ್ಲಾ, ನೀನಾ? ಕಾಯಿ ಒಡೆದ್ರೆ ಅಳ್ತಾ ಇತ್ತಿಲಿಗೆ ಓಡೋಯ್ತಿದ್ದೆ ಕಣ್ಲಾ. ಅವನ ಕಾಯಿ ಮುಟ್ಬ್ಯಾಡಿ ಅಂತ ಅವ್ವ ನಮಗೆಲ್ಲ ಏಳಿಕೊಟ್ಟಿದ್ಲು. ಅಂಗೇ ಗೆದ್ದೋನು ನೀನು."

ಮೈಸೂರಿನಲ್ಲಿ ಇತಿಹಾಸ ಓದಿದವನು ನಾನು. ಎರಡು ಸಾಕ್ಷಿಗಳಲ್ಲಿ ಹೆಮ್ಮೆಯದನ್ನು ಮೊದಲು ಶಂಕಿಸಬೇಕು ಎಂದು ಮಕ್ಕಳಿಗೆ ಪಾಠ ಹೇಳುತ್ತೇನೆ. ಹೆಮ್ಮೆಯದು ನನ್ನದೇ ಆಗಿತ್ತು. ಪೇಪರು ಮಡಚಿ, "ನನಗೂ ನಾಲ್ಕು ಕಾಯಿ ಕೊಡಿ," ಎಂದು ಕೆಳಗೆ ಕೂತೆ.

ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಕಾಲಿಡುವಂತಿಲ್ಲ, ಅದು ಈ ಆಟದ ಕಟ್ಟಳೆ. ಮಗಳು ಅಕ್ಕನ ಕಾಯಿಯನ್ನು ಎರಡು ಸಲ ಹೊಡೆದಿದ್ದಳು, ಎರಡು ಸಲವೂ ಕುಣಿದಿದ್ದಳು. ಆಮೇಲೆ ಅವಳಿಗೆ ಮೂರು ಬಿತ್ತು. ಸರಿಯಾಗಿ ಮೂರು ಮನೆ ಮುಂದೆ, ಕಾಯಿಗೆ ರಕ್ಷಣೆ ಕೊಡುವ ಕಟ್ಟೆಯಿಲ್ಲದ ಜಾಗದಲ್ಲಿ, ನನ್ನ ಕಾಯಿ. ಬೆರಳಿಟ್ಟು ಎಣಿಸಿದಳು. ನನ್ನ ಮುಖ ನೋಡಿದಳು. ಬೇರೆ ಕಾಯಿ ನಡೆಸಿದಳು.

"ಕಣ್ ಕಾಣಾಕಿಲ್ವೇನೇ? ಒಡಿಯೇ!" ಎಂದಳು ಅಕ್ಕ.

"ಬುಡತ್ತೆ. ಪಾಪ, ಅಪ್ಪ ಒಂದಿನ ಆಡ್ತಾವ್ರೆ."

ಅಷ್ಟು ದಿನದ ಹೊಟ್ಟೆಕಿಚ್ಚೂ ಈ ಮಾತಿನ ಮುಂದೆ ಏನೂ ಅಲ್ಲ. ಅಕ್ಕನ ಕಾಯಿಯನ್ನಾದರೂ ಅವಳು ಹೊಡೆಯುತ್ತಿದ್ದಳು.

"ವಾಪಸ್ ಇಡು," ಅಂದೆ. "ನನ್ನದನ್ನು ಹೊಡಿ."

ಅವಳು ಅಪ್ಪಣೆಗಾಗಿ ನೋಡಿದ್ದು ಅಕ್ಕನ ಕಡೆಗೆ. ಅಕ್ಕ ತಲೆಯಾಡಿಸಿದ ಮೇಲೆ ನನ್ನ ಬಳೆ ಚೂರನ್ನು ಎಷ್ಟು ಜೋರಾಗಿ ಚಿಮ್ಮಿದಳೆಂದರೆ ಅದು ಜಗಲಿ ದಾಟಿ ಬೀದಿಗೆ ಬಿತ್ತು. ನಾನು ಮಣ್ಣಿನಲ್ಲಿ ಹುಡುಕಿ ತರುವಷ್ಟರಲ್ಲಿ, ಹೊಡೆದದ್ದಕ್ಕೆ ಸಿಗುವ ಇನ್ನೊಂದು ಆಟವನ್ನೂ ಆಡಿ ಮುಗಿಸಿದ್ದಳು.

"ಬೇಗ ಆಡಪ್ಪ!"

ನನ್ನ ಇನ್ನೊಂದು ಕಾಯಿಯಿಂದ ಎರಡೇ ಮನೆ ಮುಂದೆ ಅಕ್ಕನ ಕಾಯಿ ನಿಂತಿತ್ತು. ದೇವರನ್ನು ನಂಬದವನು ಎರಡು ಬೀಳಲೆಂದು ಮನಸ್ಸಿನಲ್ಲೇ ಹರಕೆ ಹೊತ್ತು ಬೀಜ ಹಾಕಿದೆ.

ಒಂದು ಬಿತ್ತು.

"ಕೊಡಪ್ಪ ಇತ್ಲಾಗೆ," ಎಂದು ಮಗಳು ಬೀಜಗಳನ್ನು ಬಾಚಿ ಅತ್ತೆಯ ಅಂಗೈಗೆ ಸುರಿದಳು.