ಅಮಾವಾಸ್ಯೆ ಗೊತ್ತಿಲ್ಲದ ತಾರೀಖು

ನಮ್ಮ ಕಬ್ಬು ಕಡಿಯುವ ದಿನವನ್ನು ಮೊದಲೆಲ್ಲ ಬೆರಳ ಗೆರೆಗಳ ಮೇಲೆ ಎಣಿಸುತ್ತಿದ್ದರು. ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್ ಸೈಕಲ್ ಮೇಲೆ ಅಲಖನೂರಿನ ನಮ್ಮ ತೋಟದ ಮನೆಗೆ ಬಂದು, ಗೋಡೆಯ ಕ್ಯಾಲೆಂಡರನ್ನು ತರಿಸಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದ. ಹಂಗಾಮು ಶುರುವಾದ ದಿನದಿಂದ ಕೆಲಸದ ದಿನಗಳನ್ನಷ್ಟೇ ಎಣಿಸಿ, "ಇದು ಅಮಾವಾಸ್ಯಿ, ಕಬ್ಬ ಕಡಿಯಾವ್ರು ಕೊಯ್ತಾ ಮುಟ್ಟಂಗಿಲ್ಲ, ಬಿಡೋಣು" ಎಂದು ಒಂದು ತಾರೀಖು ದಾಟುತ್ತಿದ್ದ. ಎಣಿಕೆ ಮುಗಿಯುವಷ್ಟರಲ್ಲಿ ಚಹಾ ಆರುತ್ತಿತ್ತು, ಯಾರ ಮನೆಯಲ್ಲಿ ಏನಾಯಿತೆಂಬ ಸುದ್ದಿಯೆಲ್ಲ ನನಗೆ ಸಿಗುತ್ತಿತ್ತು. ನಿಮ್ಮ ಅಜ್ಜ ತೀರಿಕೊಂಡಿದ್ದರು. ನಿಮ್ಮ ಅವ್ವನನ್ನು ನಿಪ್ಪಾಣಿಗೆ ಕೊಟ್ಟಾಗಿತ್ತು. ನಾನು ಎಮ್ಮೆಯ ಜೊತೆ ಬಿಟ್ಟರೆ ಬೇರೆ ಯಾರ ಜೊತೆಗೂ ಹೆಚ್ಚು ಮಾತಾಡುತ್ತಿರಲಿಲ್ಲ.

ಕಡಿಯುವ ದಿನಕ್ಕಾಗಿ ನಾನು ಕಾಯುತ್ತಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ಮಹಾರಾಷ್ಟ್ರದ ಕಡೆಯಿಂದ ಪ್ರತಿ ವರ್ಷ ಕಬ್ಬು ಕಡಿಯುವವರ ಅದೇ ಟೋಳಿ ನಮ್ಮ ಹೊಲಕ್ಕೆ ಬರುತ್ತಿತ್ತು. ಕಬ್ಬಿಗೆ ಮೊದಲ ಏಟು ಹಾಕುವ ಮುಂಚೆ ಹೊಲದೊಡತಿ ಕಡಿಯುವ ಕತ್ತಿಗೆ, ಕೊಯ್ತಾಕ್ಕೆ, ಅರಿಶಿನ ಕುಂಕುಮ ಹಚ್ಚಿ, ಟೋಳಿಗೆ ಹೋಳಿಗೆ ಊಟ ಹಾಕಬೇಕು. ನಾನು ಗಂಡ ಸತ್ತವಳು. ಮೊದಲ ಸಲ ಕುಂಕುಮದ ಬಟ್ಟಲು ಹಿಡಿದು ಹಿಂದೆ ಸರಿದು ನಿಂತಿದ್ದಾಗ ಟೋಳಿಯ ಹೆಂಗಸೊಬ್ಬಳು ಬಟ್ಟಲು ಇಸಿದುಕೊಂಡಳು. "ನಿನ್ನ ಹೆಸರಲೆ ನಾ ಹಚ್ಚತೀನಿ ಅಕ್ಕಾ. ಹೊಲಾ ನಿಂದ, ಕೈ ನಂದು" ಎಂದಳು. ಅಂದಿನಿಂದ ವರ್ಷವೂ ಆಕೆಯೇ ಹಚ್ಚಿದಳು. ಕಡಿಯುವಷ್ಟು ದಿನ ಮಧ್ಯಾಹ್ನ ನನ್ನ ಕಟ್ಟೆಗೆ ಬಂದು ರೊಟ್ಟಿ ತಿಂದಳು. ಅವಳ ಮರಾಠಿ ಅರ್ಧ, ನನ್ನ ಕನ್ನಡ ಅರ್ಧ, ಮಾತು ನಡೆಯುತ್ತಿತ್ತು.

ಒಂದು ವರ್ಷ ಹೊರಡುವಾಗ ಆಕೆ ಬಸುರಿ. "ಮುಂದಿನ ಸಲ ಕೂಸು ತರತೀನಿ, ನೀ ಏನ ಕೊಡತಿ?" ಎಂದು ನಕ್ಕಳು. ನಾನು ಉಡುವುದನ್ನು ಬಿಟ್ಟಿದ್ದ ಹಸಿರು ಸೀರೆಯೊಂದು ಟ್ರಂಕಿನಲ್ಲಿತ್ತು. ಅದನ್ನು ಕತ್ತರಿಸಿ ಕೂಸಿಗೆ ಕುಂಚಿಗೆ ಹೊಲಿಯಲು ಕೂತೆ.

ಆ ಮುಂದಿನ ಹಂಗಾಮಿಗೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ಬಂದಿತ್ತು. ನನ್ನ ಮೈದುನ ಅಲ್ಲಿ ಕಬ್ಬಿನ ವಿಭಾಗದ ಗುಮಾಸ್ತ. ಕಬ್ಬು ನೋಂದಾಯಿಸಲು ಹೋದಾಗ ಕುರ್ಚಿ ಕೊಟ್ಟು ಕೂರಿಸಿದ.

"ನೋಡ್ರಿ ವೈನಿ, ಹಂಗಾಮ ಸುರು ಆದ ತಾರೀಖು ಈ ಮನ್ಯಾಗ. ನಿಮ್ಮ ಪಾಳಿಗೆ ಎಷ್ಟ ಕೆಲಸದ ದಿನಾ ಬೇಕೋ ಅದು ಬಾಜೂ ಮನ್ಯಾಗ. ಇಲ್ಲಿ ಸೂತ್ರ."

ಪರದೆಯ ತುಂಬ ಗೀಟು ಹಾಕಿದ ಚಿಕ್ಕ ಚಿಕ್ಕ ಮನೆಗಳು. ಅಂವ ಒಂದು ಗುಂಡಿ ಒತ್ತಿದ, ನನ್ನ ತಾರೀಖು ಬಂತು. ಸೂತ್ರವನ್ನು ಹಿಡಿದು ಕೆಳಗೆ ಎಳೆದ, ಊರವರೆಲ್ಲರ ತಾರೀಖು ಸರಸರನೆ ತುಂಬಿಕೊಂಡಿತು.

"ಐತವಾರ?" ಎಂದೆ. ಆ ಕಚೇರಿಯಲ್ಲಿ ನಾನು ಆಡಿದ್ದು ಅದೊಂದೇ ಮಾತು.

"ಯಂತ್ರದ್ದ ಸ್ವಂತ ಸೂತ್ರ ಶನಿವಾರ, ಐತವಾರ ಎರಡೂ ಬಿಟ್ಟ ಎಣಸತೈತ್ರಿ, ದೊಡ್ಡ ಸಾಹೇಬರಂಗ! ನಮಗ ವಾರದ ಸೂಟಿ ಎಲ್ಲೈತಿ? ಅದನ್ನ ತಗದ ಬ್ಯಾರೆ ಬರದೀನಿ. ಸರಕಾರಿ ಸೂಟಿ ಪಟ್ಟಿ ಹಾಕೀನಿ, ಅವನ್ನಷ್ಟ ಬಿಡತೈತಿ."

ಆ ವರ್ಷ ಫೀಲ್ಡ್‌ಮನ್ ಕಟ್ಟೆಗೆ ಬರಲಿಲ್ಲ. ತಾರೀಖು ಅಚ್ಚು ಹಾಕಿದ ಚೀಟಿ ಹಾಲಿನವನ ಕೈಯಲ್ಲಿ ಬಂತು. ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮೇಲೆ ಅಮಾವಾಸ್ಯೆಯ ಕರಿ ಬೊಟ್ಟು ಇತ್ತು. ನೋಡಿದೆ. ಅಷ್ಟು ದೊಡ್ಡ ಯಂತ್ರ ಹೇಳಿದೆಯೆಂದರೆ ಟೋಳಿಯ ಮುಖಂಡ ಮುಕಾದಮನನ್ನು ಕೇಳಿಯೇ ಹೇಳಿರಬೇಕು ಎಂದುಕೊಂಡೆ. ನಿಜವೆಂದರೆ ಇನ್ನೊಂದು ದಿನ ಕಾಯಲು ನನಗೆ ಮನಸ್ಸಿರಲಿಲ್ಲ.

ಬೆಳಕು ಹರಿಯುವ ಮುಂಚೆ ಎದ್ದು ಹೂರಣ ರುಬ್ಬಿದೆ. ಕುಂಕುಮದ ಬಟ್ಟಲು ತೊಳೆದಿಟ್ಟೆ. ಕುಂಚಿಗೆಯನ್ನು ಮಡಚಿ ಕಟ್ಟೆಯ ಮೇಲೆ ಇಟ್ಟೆ. ಬಿಸಿಲು ಏರಿತು, ಕಬ್ಬು ಹಾಗೆಯೇ ನಿಂತಿತ್ತು, ಬದುವಿನ ಮೇಲೆ ಯಾರೂ ಇಲ್ಲ. ಹೋಳಿಗೆಗಳ ಮೇಲೆ ಬಟ್ಟೆ ಮುಚ್ಚಿ, ತೆಗೆದು, ಮತ್ತೆ ಮುಚ್ಚಿದೆ. ಅಷ್ಟು ಅಡಿಗೆಯ ಮುಂದೆ ಒಬ್ಬಳೇ ಕೂರುವುದು ಹಸಿವಿಗಿಂತ ಕೆಟ್ಟದ್ದು.

ಇಳಿಹೊತ್ತಿಗೆ ಬುಟ್ಟಿ ತಲೆಯ ಮೇಲೆ ಹೊತ್ತು ಊರಾಚೆಯ ಟೋಳಿಯ ಗುಡಿಸಲುಗಳ ಕಡೆ ನಡೆದೆ. ಅದುವರೆಗೆ ಎಂದೂ ಹೋಗಿರಲಿಲ್ಲ. ಹೆಂಗಸೊಬ್ಬಳೇ ಹೋದರೆ ನಾಕು ಮಂದಿ ಏನೆಂದಾರು ಎಂಬ ಅಂಜಿಕೆ. ಎತ್ತುಗಳು ನೊಗವಿಲ್ಲದೆ ಮಲಗಿದ್ದವು. ಗಂಡಸರು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಆಕೆ ಕೂಸಿಗೆ ನೀರು ಹಾಕುತ್ತಿದ್ದಳು.

"ಅಗೋ ಬಾಯೀ! ಅಮಾವಾಸ್ಯಿ ದಿನಾ ಹೋಳಿಗಿ ಹೊತ್ತ ಬಂದಿ? ತಲಿ ನೆಟ್ಟಗ ಐತಿಲ್ಲೋ?"

"ಚೀಟಿ ಹಂಗ ಹೇಳಿತ್ತು," ಎಂದೆ.

"ಚೀಟಿ ಹೋಳಿಗಿ ತಿಂತೈತೇನ? ಕುಂದರ!" ಎಂದು ಕೈ ಹಿಡಿದು ಕೂರಿಸಿದಳು. ಹೆಣ್ಣು ಕೂಸು. ಹಸಿರು ಕುಂಚಿಗೆ ಹಾಕಿದರೆ ಮೂಗಿನ ತನಕ ಮುಚ್ಚಿತು, ಎಲ್ಲರೂ ನಕ್ಕರು. ನಾನೂ ಎಲ್ಲರ ಮುಂದೆ, ಬಾಯಿಗೆ ಸೆರಗು ಹಿಡಿಯದೆ, ನಕ್ಕೆ. ಮರುದಿನ ಆಕೆ ಕೊಯ್ತಾಕ್ಕೆ ಕುಂಕುಮ ಹಚ್ಚಿದಳು, ಕಡಿತ ನಡೆಯಿತು, ಹೊಲ ಬಯಲಾಯಿತು, ಅವರು ಹೋದರು.

ಸುದ್ದಿ ಕೇಳಿದ ಮೈದುನ ತಲೆ ಕೆರೆದುಕೊಂಡ. "ಯಂತ್ರಕ್ಕ ಚಂದ್ರಾಮ ಎಲ್ಲಿ ಕಾಣಬೇಕ್ರಿ ವೈನಿ. ಈಗ ಅಮಾವಾಸ್ಯಿ ಎಲ್ಲಾ ಪಟ್ಟಿಗೆ ಹಾಕೀನಿ. ಇನ್ನ ತಪ್ಪಂಗಿಲ್ಲ."

ತಪ್ಪಲಿಲ್ಲ. ಮುಂದಿನ ವರ್ಷ ಚೀಟಿಯಲ್ಲಿದ್ದ ದಿನವೇ ಬೆಳಿಗ್ಗೆ ಗಾಡಿಗಳ ಸದ್ದು ಕೇಳಿ ಬದುವಿಗೆ ಓಡಿದೆ. ಟೋಳಿ ಬೇರೆ.

"ಅವ್ರನ್ನ ಈ ಸಲ ಕಾರ್ಖಾನಿಯವ್ರು ಕೊಕಟನೂರ ಕಡೆ ಹಾಕ್ಯಾರ್ರಿ," ಎಂದ ಹೊಸ ಮುಕಾದಮ. "ಪೂಜಿ ಮಾಡ್ರಿ ಅವ್ವಾರ, ಹೊತ್ತಾಗತೈತಿ."

ಹೊಸ ಹೆಂಗಸರು ಕೊಯ್ತಾ ನನ್ನ ಮುಂದೆ ಇಟ್ಟು ನಿಂತರು. ಬಟ್ಟಲು ಇಸಿದುಕೊಳ್ಳಲು ಯಾರೂ ಕೈ ಚಾಚಲಿಲ್ಲ. ಹೊಲ ನನ್ನದು. ಕೈಯೂ ನನ್ನದೇ ಆಗಬೇಕಾಯಿತು. ಕುಂಕುಮ ಹಚ್ಚಿದೆ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೋಳಿಗೆ ಬಡಿಸಿದೆ. ಊಟ ಚೆನ್ನಾಗಿದೆ ಎಂದರು. ಮಧ್ಯಾಹ್ನ ಕಟ್ಟೆಗೆ ಯಾರೂ ಬರಲಿಲ್ಲ.

ಆ ಕೂಸಿಗೆಂದು ಅದೇ ಸೀರೆಯಲ್ಲಿ ದೊಡ್ಡದೊಂದು ಅಂಗಿ ಹೊಲಿದಿಟ್ಟಿದ್ದೆ. ಬಹಳ ದಿನ ಟ್ರಂಕಿನಲ್ಲೇ ಇತ್ತು. ನಿಮ್ಮಲ್ಲಿ ಹಿರಿಯಳು ತೊಟ್ಟು ಹರಿದ ಹಸಿರು ಅಂಗಿ ಅದು.